ಬಣ್ಣದ ಅಳತೆ ಕೇಳಲು ಹೋದೆವು

ಮಾರ್ಚ್ 4, ಮಂಗಳವಾರ

ಪ್ರೆಸ್ಸಿನ ರೋಲರ್ ತೊಳೆದೆ. ಕಾಗದ ಕತ್ತರಿಸುವ ಬ್ಲೇಡು ಒರೆಸುತ್ತಿದ್ದೆ, ಮದುವೆ ಕಾರ್ಡಿನವರು ಬಂದರು. ಹುಡುಗಿಯ ಸೋದರತ್ತೆ. ಒಂದು ಕೈಯಲ್ಲಿ ನಮ್ಮ ಕಾರ್ಡು, ಇನ್ನೊಂದರಲ್ಲಿ ಹುಡುಗಿ ಮದುವೆಗೆ ತೊಡುವ ಗೋಮೆಸಿ ನಿಲುವಂಗಿಯ ಬಟ್ಟೆ ತುಂಡು.

“ನೋಡಮ್ಮ ನಬ್ಬೋಸ, ನಮ್ಮ ಹುಡುಗೀದು ಒಳ್ಳೆ ನೇರಳೆ ಹಣ್ಣಿನ ಬಣ್ಣ. ನಿನ್ನ ಕಾರ್ಡು? ಸುಟ್ಟ ಬದನೆಕಾಯಿ! ಗಂಡಿನ ಕಡೆಯವರು ನಗಲ್ವಾ?”

ಬದನೆಕಾಯಿಯೇ ಹೌದು. ಕಂಪ್ಯೂಟರಿನಲ್ಲಿ ಚೆನ್ನಾಗಿತ್ತು... ಇಂಕು ಇದೇ ಕಂಪಾಲಾದ್ದು, ನಾನ್ಯೊಂಜೊ ಕಾರ್ಖಾನೆಯದು. ಆದರೆ ಅವರ ಯಾವ ಬಣ್ಣ ಕಾಗದದ ಮೇಲೆ ಹೇಗೆ ಬೀಳುತ್ತದೆ ಎಂಬ ಅಳತೆಯ ಫೈಲು ಕೊಡುವುದು ದುಬಾರಿ ಸಾಫ್ಟ್‌ವೇರ್ ಇದ್ದವರಿಗೆ ಮಾತ್ರ. ನನ್ನದು ಮುಕ್ತ ಸಾಫ್ಟ್‌ವೇರ್, ಯಾರಿಗೆ ಬೇಕಾದರೂ ದುಡ್ಡಿಲ್ಲದೆ ಸಿಗುವಂಥದ್ದು. ಹಾಗಾಗಿ ಕಣ್ಣಂದಾಜೇ ಗತಿ.

ಎದುರು ಪ್ರೆಸ್ಸಿನವನು ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡ. ಅವಳಿ ಮಕ್ಕಳ ತಂದೆ, ಹಾಗಾಗಿ ನಮ್ಮಲ್ಲಿನ ರೂಢಿಯಂತೆ ಇಡೀ ಬೀದಿ ಅವನನ್ನು ಕರೆಯುವುದು ಸಾಲೊಂಗೊ ಎಂದೇ. “ಏನಮ್ಮ ಬಿಟ್ಟಿ ಸಾಫ್ಟ್‌ವೇರಿನ ಮಹಾರಾಣಿ! ಬಿಟ್ಟಿ ಬಣ್ಣ ಹಿಂಗೇ ಇರೋದು!”

ಮತ್ತೆ ಬ್ಲೇಡು ಒರೆಸತೊಡಗಿದೆ. ಕಾರ್ಡು ಪೂರ್ತಿ ಮತ್ತೆ ಅಚ್ಚು ಹಾಕಬೇಕು.

ಮಾರ್ಚ್ 7, ಶುಕ್ರವಾರ

ಕಾರ್ಖಾನೆಗೆ ಹೋದೆ. ಬಣ್ಣ ಪರೀಕ್ಷೆ ಮಾಡುವ ಕಸಿರ್ಯೆ ಪರಿಚಯದವನು. “ಅಳತೆ ಎಲ್ಲಾ ಇದೆ ಅಕ್ಕಾ. ಕೊಡೋ ಅಧಿಕಾರ ನನಗಿಲ್ಲ” ಎಂದು ಯಜಮಾನಿಯ ಕೋಣೆಗೆ ಕರೆದೊಯ್ದ.

ನಾನ್ಯೊಂಜೊ ಅಮ್ಮ. ಕೂರು ಅನ್ನಲಿಲ್ಲ.

“ನಮ್ಮೆಜಮಾನ್ರು ಹೋದ್ಮೇಲೆ ನನ್ನ ಕೈ ಹಿಡಿದದ್ದೇ ಈ ಬಣ್ಣಗಳು. ಅವುಗಳ ಗುಟ್ಟು ಊರಿಗೆಲ್ಲ ಹಂಚಲಾ?”

“ಅಡುಗೆ ಹೇಗೆ ಮಾಡ್ತೀರಿ ಅಂತ ಕೇಳ್ತಿಲ್ಲಮ್ಮ. ರುಚಿ ಹೇಗಿದೆ ಅಂತ ಹೇಳಿ, ಸಾಕು.”

ಅಮ್ಮನ ನಗು ತುಟಿಯವರೆಗೆ ಬಂದು ನಿಂತಿತು. “ಮಾತು ಬಲ್ಲವಳು ನೀನು. ಆದ್ರೆ ಆ ಸಾಫ್ಟ್‌ವೇರು ಬಳಸೋಳು ನೀನೊಬ್ಳೇ. ಇನ್ನೂ ಯಾರಾದ್ರೂ ಇದ್ರೆ ಕರ್ಕೊಂಡು ಬಾ, ನೋಡೋಣ.”

ಮಾರ್ಚ್ 8

ಬೀದಿಯ ಒಂದೊಂದೇ ಪ್ರೆಸ್ಸಿಗೂ ಹೋದೆ. ಬಾಯಲ್ಲಿ ಎಲ್ಲರೂ ದುಬಾರಿ ಸಾಫ್ಟ್‌ವೇರಿನವರೇ! “ದುಡ್ಡು ಕೊಟ್ಟು ತಗೊಂಡದ್ದಮ್ಮ” ಅನ್ನುತ್ತಾರೆ, ಕಣ್ಣು ಮಾತ್ರ ನೆಲ ನೋಡುತ್ತದೆ. ಕೆಲವರದು ಕದ್ದ ಕಾಪಿ. ಇನ್ನು ಕೆಲವರು ಒಳಗೊಳಗೇ ನನ್ನದನ್ನೇ ಬಳಸುತ್ತಾರೆ, ನಾನು ಬಂದೊಡನೆ ಕಂಪ್ಯೂಟರ್ ಆರಿಸುತ್ತಾರೆ. ಬಿಟ್ಟಿ ಎಂದರೆ ಗಿರಾಕಿ ಹಗುರ ಮಾಡಿಯಾನು ಎಂಬ ಭಯ.

ಸಿಟ್ಟು ಬರಲಿಲ್ಲ. ಬೇಜಾರು.

ಏಪ್ರಿಲ್ 2

ಇಷ್ಟು ದಿನ ಬರೆಯುವ ಮನಸ್ಸಾಗಲಿಲ್ಲ. ಆದರೂ ಬಿಡಲಿಲ್ಲ — ದಿನಾ ಯಾರನ್ನಾದರೂ ಹಿಡಿದು ಮಾತಾಡಿದೆ. ನಾಳೆ ಕಾರ್ಖಾನೆ ಗೇಟಿನ ಹತ್ತಿರ ಬನ್ನಿ ಎಂದಿದ್ದೇನೆ. “ನೋಡೋಣ” ಎಂದವರೇ ಎಲ್ಲ. ಹೊಸ ಬಸುಟಿ ನಿಲುವಂಗಿ ಇಸ್ತ್ರಿ ಮಾಡಿಟ್ಟೆ. ಒಬ್ಬಳೇ ನಿಲ್ಲಬೇಕಾದರೂ ನೆಟ್ಟಗೆ ನಿಲ್ಲುತ್ತೇನೆ.

ಏಪ್ರಿಲ್ 3, ಗುರುವಾರ

ಬಂದರು! ಬೀದಿಗೆ ಬೀದಿಯೇ ಬಂದಂತಿತ್ತು. ಕಾವಲಿನವನು ಮುಷ್ಕರ ಎಂದುಕೊಂಡು ಗೇಟು ಹಾಕಿಬಿಟ್ಟ. ಗಲಾಟೆ ಕೇಳಿ ನಾನ್ಯೊಂಜೊ ಅಮ್ಮನೇ ಆಚೆ ಬಂದರು.

“ಏನಿದು ಜಾತ್ರೆ? ಸರಿ, ಈ ಹೆಂಗಸಿನ ಸಾಫ್ಟ್‌ವೇರು ಬಳಸೋರು ಯಾರ್ಯಾರು? ಕೈ ಎತ್ತಿ.”

ಎತ್ತಿದೆ. ನಾನೊಬ್ಬಳೇ. ಉಳಿದವರು ಒಬ್ಬರ ಮುಖ ಒಬ್ಬರು ನೋಡಿದರು. ಕಿವಿ ಬಿಸಿಯಾಯಿತು, ಕೈ ಇಳಿಸಲಿಲ್ಲ.

ಹಿಂದಿನಿಂದ ಒಂದು ಕೈ ಮೇಲೆದ್ದಿತು. ಸಾಲೊಂಗೊ!

“ನಾನೂ ಅಮ್ಮಾ. ಕದ್ದ ಕಾಪಿ ಬಿಟ್ಟು ಇದನ್ನ ಹಿಡಿದು ಎರಡು ವರ್ಷ ಆಯ್ತು. ಹೇಳ್ಕೊಳ್ಳೋಕೆ ನಾಚಿಕೆ. ಕೆಲಸ ಚೆನ್ನಾಗೇ ಆಗುತ್ತೆ, ನಿಮ್ಮ ಬಣ್ಣ ಮಾತ್ರ ಕೈಕೊಡುತ್ತೆ. ಅದಕ್ಕೇ ಹೊರದೇಶದ ಇಂಕು ತರಿಸ್ತಿದೀನಿ. ಅವರು ಅಳತೆ ಕೊಡ್ತಾರೆ.”

ಅಮ್ಮನ ಮುಖ ಸಪ್ಪಗಾಯಿತು. ಅಷ್ಟರಲ್ಲಿ ಇನ್ನೊಂದು ಕೈ. ಅದರ ಪಕ್ಕದ್ದು. ಆಮೇಲೆ ಎಲ್ಲೆಲ್ಲೂ ಕೈ, ಇಂಕು ಮೆತ್ತಿದ ಕೈಗಳು...

ಅಮ್ಮ ಹಿಂದೆ ತಿರುಗಿದರು. “ಕಸಿರ್ಯೆ! ಇವರ ಸಾಫ್ಟ್‌ವೇರಿಗೆ ಆಗೋ ಅಳತೆ ತಯಾರಿದೆಯೇನೋ?”

“ಯಾವಾಗಿಂದಲೋ ತಯಾರಿದೆ ಅಮ್ಮಾ.”

“ಮತ್ತೆ ಬಾಯಲ್ಲಿ ಏನಿಟ್ಕೊಂಡಿದ್ದೆ?”

“ನೀವು ಕೇಳ್ಲೇ ಇಲ್ಲ.”

ಗೇಟಿನಾಚೆ ಈಚೆ ಎಲ್ಲರೂ ನಕ್ಕರು. ಅಮ್ಮನೂ. “ಕೊಟ್ಬಿಡು. ಇವರೆಲ್ಲ ಹೊರದೇಶದ ಡಬ್ಬ ತರಿಸಿದ್ರೆ ನಾನು ಯಾರಿಗೆ ಮಾರ್ಲಿ?”

ವಾಪಸು ಬರುವಾಗ ಸಾಲೊಂಗೊನನ್ನು ಕೇಳಿದೆ: “ಹಾಗಿದ್ರೆ ನನ್ನ ಯಾಕಯ್ಯ ಅಷ್ಟು ಆಡ್ಕೊಂಡೆ?”

“ನಿನ್ನ ನೋಡಿ ನಗ್ತಾ ಇದ್ರೆ ನನ್ನ ಕಡೆ ಯಾರೂ ನೋಡಲ್ಲ ಅಂತ.” ತಲೆ ತಗ್ಗಿಸಿದ. ಬೈಯಬೇಕು ಅನ್ನಿಸಿತು. ಬೈಯಲಿಲ್ಲ. ಮೊದಲ ಕೈ ಎತ್ತುವುದು ನನಗೆ ಸುಲಭ. ಎರಡನೆಯದು ಅವನಿಗೆ ಎಷ್ಟು ಕಷ್ಟವಾಗಿರಬೇಕು!

ಮೇ 20, ಮಂಗಳವಾರ

ಕಸಿರ್ಯೆ ಕೊಟ್ಟ ಅಳತೆಯನ್ನು ಬೀದಿಯವರೆಲ್ಲ ಸೇರಿ ಸಾಫ್ಟ್‌ವೇರ್ ಮಾಡುವವರಿಗೆ ಕಳಿಸಿದ್ದೆವು. ಇವತ್ತು ಅದರ ಹೊಸ ಆವೃತ್ತಿ ಇಳಿಸಿಕೊಂಡೆ. ಬಣ್ಣಗಳ ಪಟ್ಟಿ ತೆರೆದರೆ — ದೊಡ್ಡ ದೊಡ್ಡ ದೇಶಗಳ ಇಂಕುಗಳ ನಡುವೆ ನಾನ್ಯೊಂಜೊ! ಕೆಳಗೆ ಸಣ್ಣ ಅಕ್ಷರದಲ್ಲಿ: ಅಳತೆ, ಕಸಿರ್ಯೆ. ಬೇಡಿಕೆ, ಕಂಪಾಲಾದ ಪ್ರೆಸ್ ಬೀದಿಯವರು.

ನನ್ನ ಹೆಸರಿಲ್ಲ. ಬೇಕಾಗಿಯೂ ಇಲ್ಲ. ಬೀದಿಗೆಲ್ಲ ಕೂಗಿ ಕರೆದು ತೋರಿಸಿದೆ. ಎದೆ ಇಷ್ಟಗಲ.

ಮೇ 23, ಬೆಳಿಗ್ಗೆ

ಮೊಂಬಾಸಾದಿಂದ ಫೋನು, ನನ್ನ ನಂಬರು ಕೊಟ್ಟದ್ದು ಕಸಿರ್ಯೆಯಂತೆ. ಅಲ್ಲಿನ ಇಂಕು ಕಾರ್ಖಾನೆಯ ಮ್ಯಾನೇಜರು. ದನಿಯಲ್ಲಿ ಸಿಟ್ಟು.

“ನಾನ್ಯೊಂಜೊ ಬಣ್ಣ ಇರೋ ಕಡೆ ನಮ್ಮದ್ಯಾಕಿಲ್ಲ?”

“ನೀವು ಅಳತೆ ಕಳಿಸಿಲ್ಲ ಸಾರ್. ಕಳಿಸಿ, ಬರುತ್ತೆ.”

“ಯಾರಿಗೆ ಕಳಿಸ್ಬೇಕು? ನಿಮ್ಮದು ಯಾವ ಕಂಪನಿ?”

“ಕಂಪನಿ ಅಲ್ಲ ಸಾರ್. ನಾವೊಂದು ಬೀದಿ.”

ಅತ್ತ ಕಡೆ ಕಾಗದ ಹುಡುಕುವ ಸದ್ದು. ಆಮೇಲೆ ಮೆಲ್ಲಗೆ, “ವಿಳಾಸ ಹೇಳಿ, ಬರ್ಕೋತೀನಿ.”

ಹೇಳಿದೆ. ನಿಧಾನವಾಗಿ, ಅಕ್ಷರ ಅಕ್ಷರ ಬಿಡಿಸಿ. ಫೋನಿಟ್ಟು ಇನ್ನೂ ಚಹಾ ಮುಗಿಸಿಲ್ಲ, ಮತ್ತೆ ಫೋನು. ಈ ಸಲ ಇನ್ನೊಂದು ದೇಶದ್ದು, ಕಿಗಾಲಿಯ ನಂಬರು —