ಮೆಟ್ಟಿಲ ನಡುವಿನ ಕಟ್ಟೆ

ಪ್ರೀತಿಯ ಶಿಲ್ಪಾ ವೈನಿ,

ಇಸ್ತಾಂಬುಲಿನಿಂದ ನಿಮ್ಮ ನಾದಿನಿ ಸ್ವರೂಪಾಳ ಜೈ ಭೀಮ್.

ದಿನಾ ಫೋನಿನಲ್ಲಿ ಮಾತಾಡುವವಳು ಈಗೇಕೆ ಕಾಗದ ಬರೆದಳು ಅಂದುಕೊಳ್ಳುತ್ತೀರಿ. ನಮ್ಮ ಮನೆಯ ಫೋನು ಯಾವಾಗಲೂ ಸ್ಪೀಕರಿನಲ್ಲೇ ಇರುತ್ತದಲ್ಲ. ಅಪ್ಪ, ಅಣ್ಣ, ಪಕ್ಕದ ಮನೆಯ ಲಚ್ಚಮ್ಮಾಯಿ ಎಲ್ಲರೂ ಸುತ್ತ ಕೂತು ‘ಉಂಡ್ಯಾ?’ ‘ಥಂಡಿ ಭಾಳ ಐತೇನು?’ ಅಂತ ಕೇಳುವಷ್ಟರಲ್ಲಿ ಹೊತ್ತು ಮುಗಿಯುತ್ತದೆ. ನಿಮಗೊಬ್ಬರಿಗೇ ಹೇಳಬೇಕಾದದ್ದು ಪ್ರತಿಸಲ ಉಳಿದುಬಿಡುತ್ತದೆ. ಈ ಸಲ ಉಳಿಸಲಾರೆ. ವೈನಿ, ನಾನು ಗೆದ್ದೆ.

ಹೇಗೆ ಅಂತ ಹೇಳುವ ಮುಂಚೆ ಒಂದು ಸಂಜೆಯ ಮಾತು. ಹೈದರಾಬಾದಿನ ನನ್ನ ಆರ್ಕಿಟೆಕ್ಚರ್ ಕಾಲೇಜಿನವರು ಐದು ತಿಂಗಳ ಓದಿಗೆ ನನ್ನನ್ನು ಇಲ್ಲಿಗೆ ಆರಿಸಿದ್ದಾರೆ ಎಂದು ತಿಳಿದ ದಿನ ತಾಂಡೂರಿನ ನಮ್ಮ ಮನೆಯಲ್ಲಿ ಯಾರೂ ನಗಲಿಲ್ಲ. ದಶರಥ ಕಾಕಾ ಗೋಡೆಗೆ ಒರಗಿ ಕೂತು ಹೇಳಿದ್ದು ನೆನಪಿದೆಯೇ? “ಕೊಡಂಗಲ್ಲಿನ ಸಂಬಂಧ ಕೈಗಿ ಬಂದೈತಿ. ಒಬ್ಬಾಕಿ ಪರದೇಶಕ್ಕ ಹ್ವಾದ್ರ ನಾಳಿ ಯಾರ್ ಮಾಡ್ಕೊಂತಾರ ಇಕಿನ?” ಕರಣಕೋಟದ ಫ್ಯಾಕ್ಟರಿಯಿಂದ ಆಗಷ್ಟೇ ಬಂದಿದ್ದ ಅಪ್ಪ ತಲೆ ತಗ್ಗಿಸಿದ್ದರು. ಅಣ್ಣನಿಗೆ ಕಾಕಾನ ಮುಂದೆ ಮಾತೇ ಹೊರಡುವುದಿಲ್ಲ. ನಾನು ಅಳುವುದಕ್ಕೆ ಸಿದ್ಧಳಾಗಿದ್ದೆ.

ಆಗ ನೀವು ಹಿಟ್ಟಿನ ಕೈಯಲ್ಲೇ ಹೊರಗೆ ಬಂದಿರಿ. ಕಲ್ಹೇರಿನಿಂದ ಸೊಸೆಯಾಗಿ ಬಂದು ಎರಡು ವರ್ಷವಾಗಿದ್ದರೂ ಹಿರಿಯರ ನಡುವೆ ಒಂದು ಮಾತು ಎತ್ತಿದವರಲ್ಲ. “ಮಾಡ್ಕೊಳ್ಳಾವ ಕಾಯ್ತಾನ್ರಿ ಸಣ್ಣಮಾವಾ, ಕಾಲೇಜ ಕಾಯಂಗಿಲ್ಲ. ಆಕಿ ಹೋಗ್ಲಿ,” ಅಂದಿರಿ. ಕಾಕಾ ಎದ್ದು ಹೋದರು. ಅಪ್ಪ ತಲೆಯೆತ್ತಿ ನಿಮ್ಮನ್ನು ನೋಡಿ, “ಸೊಸಿ ಅಂದದ್ದು ಖರೇ ಐತಿ. ಆತು, ಹೋಗ್ಲಿ,” ಎಂದರು. ನಾರಾಯಣಖೇಡದಲ್ಲಿ ನಿಮ್ಮ ಡಿಗ್ರಿ ಮದುವೆಗಾಗಿ ಅರ್ಧಕ್ಕೆ ನಿಂತದ್ದು ನನಗೆ ಗೊತ್ತಿತ್ತು. ಹಾಗಿದ್ದೂ ನನ್ನ ಓದಿಗೆ ನೀವು ಎದ್ದು ನಿಂತಿರಿ. ಅವತ್ತು ನಿಮಗೆ ಏನೂ ಹೇಳಲಾಗಲಿಲ್ಲ. ಥ್ಯಾಂಕ್ಸ್ ಅನ್ನುವುದು ತೀರಾ ಸಣ್ಣ ಮಾತೆನಿಸಿತು.

ಇಲ್ಲಿ ನನ್ನ ಬದುಕು ಹೇಗಿದೆ ಗೊತ್ತೇ? ಬೆಳಿಗ್ಗೆ ಏಷ್ಯಾದಲ್ಲಿ ಏಳುತ್ತೇನೆ, ಯುರೋಪಿನಲ್ಲಿ ಪಾಠ ಕೇಳುತ್ತೇನೆ, ಸಂಜೆ ಮತ್ತೆ ಏಷ್ಯಾಕ್ಕೆ ಬಂದು ಮಲಗುತ್ತೇನೆ. ಊರಿನ ನಡುವೆಯೇ ಸಮುದ್ರ ಹರಿಯುತ್ತದೆ. ತಾಂಡೂರು ಸ್ಟೇಷನ್ನಿನಲ್ಲಿ ರೈಲಿಗೆ ಓಡುವ ಹಾಗೆ ಇಲ್ಲಿ ಜನ ಹಡಗಿಗೆ ಓಡುತ್ತಾರೆ. ಹಡಗಿನ ಹಿಂದೆ ಬಿಳಿ ಹಕ್ಕಿಗಳು ಕಿರುಚುತ್ತ ಬರುತ್ತವೆ, ಜನ ರೊಟ್ಟಿಯ ಚೂರು ಎಸೆಯುತ್ತಾರೆ. ನಮ್ಮ ಕ್ಲಾಸಿನಲ್ಲಿ ಒಂದು ಬೆಕ್ಕು ಕುರ್ಚಿಯ ಮೇಲೆ ಮಲಗಿರುತ್ತದೆ. ಅದನ್ನು ಎಬ್ಬಿಸಬಾರದೆಂದು ಪ್ರೊಫೆಸರರೇ ನಿಂತು ಪಾಠ ಮಾಡುತ್ತಾರೆ. ತೊಗರಿ ಬೆಳೆಯುವ ಊರಿನವಳು ನಾನು, ಇಲ್ಲಿ ಮಸೂರ ಬೇಳೆಯ ಸಾರಿಗೆ ನಿಂಬೆ ಹಿಂಡಿಕೊಂಡು ದಿನಾ ಕುಡಿಯುತ್ತೇನೆ. ಸಂತೆಯಲ್ಲಿ ಟೊಮೆಟೊ ಮಾರುವ ಮುದುಕ ನನ್ನನ್ನು ‘ಅಬ್ಲಾ’ ಎಂದು ಕೂಗುತ್ತಾನೆ. ಅಕ್ಕ ಅಂತ ಅರ್ಥ.

ಮೊದಲ ವಾರಗಳು ಮಾತ್ರ ಕೆಟ್ಟದಾಗಿದ್ದವು. ಹಿಮ ಬೀಳುತ್ತಿತ್ತು, ನನಗೆ ಟರ್ಕಿಶ್ ಒಂದಕ್ಷರ ಬರುತ್ತಿರಲಿಲ್ಲ. ಅಂಗಡಿಯಲ್ಲಿ ಕೈ ತೋರಿಸಿ ಸಾಮಾನು ಕೊಳ್ಳುತ್ತಿದ್ದೆ. ಒಂದು ದಿನ ಅಂಗಡಿಯವನು ತನ್ನ ಅಂಗಡಿಗೆ ‘ದುಕ್ಕಾನ್’ ಅಂದ. ಕಿವಿ ನಿಮಿರಿತು. ಸೋಪಿಗೆ ಸಬುನ್, ಗಾಳಿಗೆ ಹವಾ, ಉತ್ತರಕ್ಕೆ ಜೆವಾಪ್! ನಮ್ಮ ಓಣಿಯ ಮಾತುಗಳೇ ಇಲ್ಲಿ ಕೋಟು ಹಾಕಿಕೊಂಡು ತಿರುಗುತ್ತಿವೆ ಅನ್ನಿಸಿತು. ಭಾಷೆಯ ಕ್ಲಾಸಿನಲ್ಲಿ ಇನ್ನೂ ಆಶ್ಚರ್ಯ ಕಾದಿತ್ತು. ಇವರಲ್ಲಿ ಮನೆಗೆ ಎವ್, ಮನೆಗಳಿಗೆ ಎವ್ಲೆರ್, ಮನೆಗಳಲ್ಲಿ ಅನ್ನಲು ಎವ್ಲೆರ್‌ದೆ. ಕನ್ನಡದಲ್ಲಿ ಬಾಲ ಜೋಡಿಸುವ ಹಾಗೆಯೇ! ಕ್ರಿಯಾಪದ ಕೂಡ ನಮ್ಮ ಹಾಗೆ ಕೊನೆಗೇ ಬರುತ್ತದೆ. ಜರ್ಮನಿಯ ಹುಡುಗರು ತಲೆ ಕೆರೆದುಕೊಳ್ಳುತ್ತಿದ್ದಾಗ ನಾನು ಪಟಪಟನೆ ವಾಕ್ಯ ಕಟ್ಟುತ್ತಿದ್ದೆ. ಹೈದರಾಬಾದಿನ ಹಾಸ್ಟೆಲಿನಲ್ಲಿ “ನಿಂದು ಯಾವ ಭಾಷೆ, ಅರ್ಧ ತೆಲುಗು ಅರ್ಧ ಉರ್ದು” ಎಂದು ನಕ್ಕವರೆಲ್ಲ ಆ ಹೊತ್ತಿನಲ್ಲಿ ನನ್ನ ಪಕ್ಕದಲ್ಲಿರಬೇಕಿತ್ತು.

ಈಗ ಗೆದ್ದ ಕಥೆ. ನಮಗೆ ಒಂದು ಕೆಲಸ ಕೊಟ್ಟಿದ್ದರು. ಗುಡ್ಡದ ಮೇಲಿನ ಒಂದು ಹಳೆಯ ಓಣಿ. ರಸ್ತೆಯೇ ಇಲ್ಲ, ಮೇಲಿನಿಂದ ಸಮುದ್ರದವರೆಗೆ ಬರೀ ಮೆಟ್ಟಿಲು. ಅಲ್ಲಿಯ ಜನರಿಗೆ ಏನು ಬೇಕೋ ತಿಳಿದುಕೊಂಡು ನಕ್ಷೆ ಮಾಡಬೇಕು. ಒಳ್ಳೆಯದೊಂದನ್ನು ನಗರಸಭೆಯವರು ನಿಜವಾಗಿಯೂ ಕಟ್ಟಿಸುತ್ತಾರೆ. ನಮ್ಮ ತಂಡದ ಮುಂದಾಳು ಸೆವ್ದಾ, ಇದೇ ಊರಿನ ಹುಡುಗಿ. ಜನರ ಜೊತೆ ಮಾತು ನಾವು ನೋಡಿಕೊಳ್ಳುತ್ತೇವೆ, ನೀನು ನಕ್ಷೆ ಬರೆದುಕೊಂಡಿರು ಎಂದು ನನ್ನನ್ನು ಬದಿಗೆ ಕೂರಿಸಿದಳು. ಅವರೆಲ್ಲ ಗಾಜಿನ ಲಿಫ್ಟಿನ ಕನಸು ಕಾಣುತ್ತಿದ್ದರು.

ನಾನು ಮೇಲಿನ ಮೆಟ್ಟಿಲ ಮೇಲೆ ಕೂತು ಚಿತ್ರ ಬರೆಯುತ್ತಿದ್ದಾಗ ಒಬ್ಬ ಅಜ್ಜಿ ಗೋಡೆ ಹಿಡಿದು ನಿಂತದ್ದನ್ನು ಕಂಡೆ. ನಾಲ್ಕು ಮೆಟ್ಟಿಲು ಇಳಿದು, ಮೊಣಕಾಲು ಒತ್ತಿಕೊಂಡು, ಮತ್ತೆ ಹತ್ತಿ ಬಂದರು. ಕಾಲು ನೋವೇ ಎಂದು ಕೇಳಬೇಕಿತ್ತು. ನೋವಿಗೆ ಪದ ಹೊಳೆಯದೆ ನಮ್ಮ ದರ್ದನ್ನೇ ಅವರ ಬಾಯಿಯ ಹಾಗೆ ತಿರುಗಿಸಿ, ‘ದೆರ್ತ್’ ಇದೆಯೇ ಎಂದೆ. ಅಜ್ಜಿ ನನ್ನ ಮುಖ ನೋಡಿದರು, ಕಣ್ಣು ತುಂಬಿ ಬಂತು. ಆಮೇಲೆ ತಿಳಿಯಿತು, ಆ ಪದ ಇಲ್ಲಿ ಮೈನೋವಿಗಲ್ಲ, ಮನಸ್ಸಿನ ಸಂಕಟಕ್ಕೆ. ಗುರುತಿಲ್ಲದ ಹುಡುಗಿಯೊಬ್ಬಳು ‘ನಿನ್ನ ಮನಸ್ಸಿಗೇನಾಗಿದೆ’ ಎಂದು ಕೇಳಿದ ಹಾಗಾಗಿತ್ತು.

ಅಜ್ಜಿಯ ಹೆಸರು ನೆರ್ಮಿನ್. ನನ್ನನ್ನು ಮನೆಗೆ ಕರೆದೊಯ್ದು ಚಹಾ ಕೊಟ್ಟು ಎಲ್ಲ ಹೇಳಿದರು. ಬಾಲ್ಯದ ಗೆಳತಿ ಇದೇ ಮೆಟ್ಟಿಲುಗಳ ತಳದ ಮನೆಯಲ್ಲಿದ್ದಾಳೆ, ಅಲ್ಲಿಗೆ ಗಾಡಿ ಹೋಗುವುದಿಲ್ಲ. ಇವರಿಗೆ ಪೂರ್ತಿ ಇಳಿಯಲಾಗದು, ಆಕೆಗೆ ಪೂರ್ತಿ ಹತ್ತಲಾಗದು. ಮೂರು ವರ್ಷದಿಂದ ಬರೀ ಫೋನು. ನನಗೆ ಅರ್ಧ ಅರ್ಥವಾಯಿತು, ಉಳಿದರ್ಧ ಅವರ ಕೈಗಳು ಹೇಳಿದವು.

ಮರುದಿನ ಸೆವ್ದಾಳನ್ನು ಎಳೆದುಕೊಂಡೇ ಹೋದೆ. ಅಜ್ಜಿಯ ಮಾತು ಕೇಳಿ ಅವಳು ನನ್ನ ಕಡೆ ತಿರುಗಿ, ನಿನ್ನ ತಲೆಯಲ್ಲಿ ಏನಿದೆ ಎಂದಳು. ನನ್ನ ತಲೆಯಲ್ಲಿ ನಮ್ಮ ಓಣಿಯಿತ್ತು ವೈನಿ. ಪ್ರತಿ ಮನೆಯ ಮುಂದೆ ಪರ್ಶಿಕಲ್ಲಿನ ಚಪ್ಪಡಿ ಹಾಸಿದ ಕಟ್ಟೆ. ಯಾರು ಬೇಕಾದರೂ ಕೂರಬಹುದು, ಯಾಕೆ ಕೂತೆ ಎಂದು ಕೇಳುವವರಿಲ್ಲ. ಮೆಟ್ಟಿಲುಗಳ ನಡುವೆ ಅಲ್ಲಲ್ಲಿ ಜಾಗ ಅಗಲವಾಗುವ ಕಡೆ ಅಂಥ ಕಟ್ಟೆ, ಹಿಡಿದುಕೊಳ್ಳಲು ಕಂಬಿ, ಮೇಲೊಂದು ನೆರಳು. ಅಷ್ಟೇ ಬರೆದೆ. ಲಿಫ್ಟಿನ ನಕ್ಷೆಯನ್ನು ಸೆವ್ದಾ ತಾನೇ ಮಡಚಿಟ್ಟಳು.

ನಕ್ಷೆಗಳ ಪರೀಕ್ಷೆ ಆ ಓಣಿಯ ಮೇಲ್ತುದಿಯ ಶಾಲೆಯಲ್ಲಿ ನಡೆಯಿತು. ಪ್ರೊಫೆಸರರು, ನಗರಸಭೆಯವರು, ಹಿಂದಿನ ಬೆಂಚುಗಳಲ್ಲಿ ಓಣಿಯ ಜನ. ಸೆವ್ದಾ ಮಾತಾಡುವುದೆಂದು ನಿಶ್ಚಯವಾಗಿತ್ತು. ಅವಳು ನನ್ನ ಬೆನ್ನಿಗೆ ಕೈಯಿಟ್ಟು ಮುಂದಕ್ಕೆ ತಳ್ಳಿದಳು. ಇಂಗ್ಲಿಷಿನಲ್ಲಿ ಹೇಳಬಹುದು ಎಂದು ಹಿರಿಯ ಪ್ರೊಫೆಸರರು ದಯೆಯಿಂದ ಹೇಳಿದರು. ನಾನು ಬೇಡವೆಂದು ತಲೆಯಾಡಿಸಿ ಟರ್ಕಿಶಿನಲ್ಲೇ ಶುರುಮಾಡಿದೆ. ತಪ್ಪುಗಳಾದವು, ನಿಲ್ಲಲಿಲ್ಲ. ಮುಗಿದಾಗ ಅವರು, “ಇದು ಕೂರುವುದಕ್ಕೊಂದು ಕಲ್ಲು. ಇದರಲ್ಲಿ ಆರ್ಕಿಟೆಕ್ಚರ್ ಎಲ್ಲಿದೆ?” ಎಂದರು. ನಾನೆಂದೆ, “ನೆರ್ಮಿನ್ ಅಜ್ಜಿ ಮೂರು ವರ್ಷದಿಂದ ಗೆಳತಿಯ ಮುಖ ನೋಡಿಲ್ಲ. ಈ ಕಲ್ಲು ಹಾಕಿದರೆ ನೋಡುತ್ತಾರೆ.” ಹಿಂದಿನ ಬೆಂಚಿನಿಂದ ಅಜ್ಜಿಯ ದನಿ ಬಂತು, “ಬೇಗ ಹಾಕಿ, ನನಗೆ ವಯಸ್ಸಾಯಿತು!” ಇಡೀ ಕೋಣೆ ನಕ್ಕಿತು. ಪ್ರೊಫೆಸರರೂ ನಕ್ಕರು. ನಗರಸಭೆಯ ಹೆಂಗಸು ಎದ್ದು ಬಂದು ನನ್ನ ಕೈ ಕುಲುಕಿ, ನಿಮ್ಮದನ್ನೇ ಕಟ್ಟುತ್ತೇವೆ ಎಂದರು.

ಮೊದಲ ಕಟ್ಟೆ ನಿನ್ನೆ ಮುಗಿಯಿತು. ನಾವೂ ಮೇಸ್ತ್ರಿಗಳ ಜೊತೆ ಕಲ್ಲು ಹೊತ್ತೆವು, ಅಂಗೈ ಇನ್ನೂ ಉರಿಯುತ್ತಿದೆ. ನೆರ್ಮಿನ್ ಅಜ್ಜಿ ಮೇಲಿನಿಂದ ನನ್ನ ತೋಳು ಹಿಡಿದು ಇಳಿದರು. ಕೆಳಗಿನಿಂದ ಅವರ ಗೆಳತಿ ಸೆವ್ದಾಳ ತೋಳು ಹಿಡಿದು ಹತ್ತಿದರು. ನಡುವಿನ ಕಟ್ಟೆಯ ಹತ್ತಿರ ಇಬ್ಬರೂ ನಿಂತು ಒಬ್ಬರನ್ನೊಬ್ಬರು ನೋಡಿದರು. ನೀನು ಎಷ್ಟು ಮುದುಕಿಯಾಗಿದ್ದೀ ಎಂದು ಇಬ್ಬರೂ ಒಟ್ಟಿಗೇ ಬೈದುಕೊಂಡರು. ಆಮೇಲೆ ಕೂತರು. ಕೈ ಬಿಡಲಿಲ್ಲ. ಕಿಟಕಿಗಳಿಂದ ಜನ ಚಪ್ಪಾಳೆ ತಟ್ಟಿದರು, ಯಾರೋ ಚಹಾದ ತಟ್ಟೆ ತಂದರು, ಮಕ್ಕಳು ಕೇಕೆ ಹಾಕಿದವು. ನಕ್ಷೆಯಲ್ಲಿ ನಾನು ಬರೆದಿದ್ದ ಹೆಸರು ಹಿಡಿದು ಆ ಓಣಿಯವರು ಅದನ್ನು ‘ಕಟ್ಟೆ’ ಅಂತಲೇ ಕರೆಯುತ್ತಾರೆ ವೈನಿ! ಇಸ್ತಾಂಬುಲಿನ ಒಂದು ಗುಡ್ಡದ ಮೇಲೆ ನಮ್ಮ ಮಾತೊಂದು ಕೂತುಬಿಟ್ಟಿದೆ.

ಅಲ್ಲೇ, ಆ ಗದ್ದಲದ ನಡುವೆ, ಅದೇ ಪ್ರೊಫೆಸರರು ನನ್ನ ಬಳಿ ಬಂದರು. ಹೈದರಾಬಾದಿನ ಓದು ಮುಗಿಸಿ ಇಲ್ಲಿಗೆ ಬಾ, ಮುಂದಿನ ಎರಡು ವರ್ಷದ ಓದು ನಮ್ಮಲ್ಲೇ ಆಗಲಿ, ಓದಿನ ಖರ್ಚು ಪೂರ್ತಿ ನಮ್ಮದು ಎಂದರು. ಮನೆಯಲ್ಲಿ ಕೇಳಿ ಹೇಳುತ್ತೇನೆ ಅನ್ನಲು ಬಾಯಿ ತೆರೆದೆ. ಬಂದದ್ದು ‘ಹೂಂ’. ಯಾರನ್ನೂ ಕೇಳಲಿಲ್ಲ. ಹೇಳಿದ ಮೇಲೆ ಹೆದರಿಕೆಯೂ ಆಗಲಿಲ್ಲ. ಈ ಸುದ್ದಿ ಮೊದಲು ತಿಳಿಯುತ್ತಿರುವುದು ನಿಮಗೆ.

ಮುಂದಿನ ತಿಂಗಳು ಬರುತ್ತೇನೆ. ಅಪ್ಪನನ್ನೂ ಕಾಕಾನನ್ನೂ ಕೂರಿಸಿಕೊಂಡು ಈ ಮಾತು ಹೇಳಬೇಕು. ಕೊಡಂಗಲ್ಲಿನ ಮಾತು ಮತ್ತೆ ಬರುತ್ತದೆ, ಗೊತ್ತು. ಆದರೆ ಈ ಸಲ ನನ್ನ ಪರವಾಗಿ ನೀವು ಮಾತಾಡಬೇಡಿ. ನಾನೇ ಆಡುತ್ತೇನೆ, ಅಳದೆ, ಎಲ್ಲರ ಕಣ್ಣು ನೋಡಿ. ನನ್ನ ಮಾತು ಮುಗಿದ ಮೇಲೆ ನಿಮಗೇನು ಬೇಕೋ ಅದನ್ನು ನೀವು ಕೇಳಿ. ಅರ್ಧಕ್ಕೆ ನಿಂತ ಓದೇ ಆಗಲಿ, ಮತ್ತೊಂದಾಗಲಿ. ಆ ಮನೆಯಲ್ಲಿ ‘ಆಗಲಿ’ ಅನ್ನುವ ಮೊದಲ ದನಿ ನನ್ನದಾಗಿರುತ್ತದೆ.

ನಿಮ್ಮ ಬಾಳಿಗೆ ಮಂಗಳವಾಗಲಿ, ನೀವು ಬಯಸಿದ್ದು ನಿಮಗೆ ಸಿಗಲಿ.

ಇಲ್ಲಿಂದ ಗೆದ್ದು ಬರುತ್ತಿರುವ,
ನಿಮ್ಮ ಸ್ವರೂಪಾ