ಕೌಂಟರಿನ ಮುಂದೆ ಮಾತ್ರ ತಂಗಿ

ಸೋಮವಾರ, ಲಾಂಡ್ರಿಯ ಊಟದ ಬಿಡುವಿನಲ್ಲಿ

ಬೇಕರಿಯವಳೇ,

ಕ್ಷೇಮವೇ ಎಂದು ಕೇಳುವುದಿಲ್ಲ. ನೀನು ಕ್ಷೇಮವಾಗಿರಲಿಕ್ಕಿಲ್ಲ, ನಾನೂ ಅಷ್ಟೆ. ಅದಕ್ಕೇ ಈ ಕಾಗದ. ನಿನ್ನ ಮತ್ತು ನನ್ನ ಗಂಡನ ಸಂಗತಿ ನನಗೆ ಗೊತ್ತಿಲ್ಲ ಎಂದುಕೊಂಡಿದ್ದರೆ ಅವನಿಗಿಂತ ದೊಡ್ಡ ಪೆದ್ದು ನೀನು. ಬಸ್ಸು ಓಡಿಸುವವನು ದಿನಾ ಬನ್ನಿನ ಪೊಟ್ಟಣ ಹಿಡಿದು ಮನೆಗೆ ಬಂದರೆ ಯಾವ ಹೆಂಡತಿಗೆ ಅನುಮಾನ ಬರುವುದಿಲ್ಲ?

ವಿಷಯಕ್ಕೆ ಬರುತ್ತೇನೆ. ಅವನಿಗೆ ಸಿಫಿಲಿಸ್. ಗುಪ್ತರೋಗ. ಬಸ್ ಕಂಪನಿಯ ಡಾಕ್ಟರು ಪುಕ್ಕಟೆ ಪರೀಕ್ಷೆ ಮಾಡಿ, ಪುಕ್ಕಟೆ ಇಂಜೆಕ್ಷನ್ ಚುಚ್ಚಿ ಕಳಿಸಿದ್ದಾರೆ. ಮೊನ್ನೆ ಜಗಳದಲ್ಲಿ ಬಾಯಿ ಜಾರಿ ಹೇಳಿಬಿಟ್ಟ. ಹಾಗಾದರೆ ನನ್ನ ಗತಿ ಏನು ಎಂದರೆ, ಹೆಂಡ್ತೀರ ಖರ್ಚೆಲ್ಲ ಕಂಪನಿ ಕೊಡಲ್ಲ ಕಣೇ ಅಂದ. ನಿನ್ನ ಬಗ್ಗೆ ಕೇಳಿದೆ, ತಲೆ ಕೆರೆದುಕೊಂಡ. ನಿನಗೆ ಹೇಳಿಲ್ಲ, ಹೇಳುವಷ್ಟು ಗಂಡಸೂ ಅಲ್ಲ ಅವನು.

ಸರ್ಕಾರಿ ಆಸ್ಪತ್ರೆಯಲ್ಲಿ ಪರೀಕ್ಷೆಯ ಸಾಮಾನು ಮುಗಿದಿದೆ ಎಂದು ಹೊರಗಿನ ಲ್ಯಾಬಿಗೆ ಚೀಟಿ ಬರೆದುಕೊಟ್ಟರು. ಅಲ್ಲಿನ ದರ ಕೇಳಿ ಬಾಗಿಲ ತನಕ ವಾಪಸ್ಸು ಬಂದಿದ್ದೆ. ಅರ್ಧ ತಿಂಗಳ ಸಂಬಳ! ಹೋಟೆಲಿನವರ ಹಾಸಿಗೆ ಬಟ್ಟೆಗೆ ಇಸ್ತ್ರಿ ಹಾಕಿ ಹಾಕಿ ಬೆರಳು ಸುಟ್ಟುಕೊಂಡ ದುಡ್ಡು. ಆಗ ಕೌಂಟರಿನ ಹುಡುಗಿ ಕೂಗಿ ಕರೆದಳು. ಒಂದೇ ಮನೆಯ ಇಬ್ಬರು ಒಟ್ಟಿಗೆ ಬಂದರೆ ಒಬ್ಬರ ದುಡ್ಡಿಗೆ ಇಬ್ಬರಿಗೂ ಆಗುತ್ತದಂತೆ. ನಿಮ್ಮನೆಯವರನ್ನ ಕರ್ಕೊಂಡು ಬನ್ನಿ ಅಕ್ಕಾ ಅಂದಳು. ಮನೆಯವನದ್ದು ಆಗಿಹೋಗಿದೆ. ಉಳಿದವಳು ನೀನು. ನಗಬೇಡ.

ಗುರುವಾರ ಬೆಳಗ್ಗೆ ಬಾ. ಲ್ಯಾಬು ನಿಮ್ಮ ಬೇಕರಿಯ ಹಿಂದಿನ ಬೀದಿಯಲ್ಲೇ ಇದೆ, ಔಷಧಿ ಅಂಗಡಿಯ ಮಹಡಿಯ ಮೇಲೆ. ಅಲ್ಲಿ ನೀನು ನನ್ನ ತಂಗಿ. ಅಕ್ಕ ಎಂದು ಒಂದೇ ಸಲ ಕರೆ, ಸಾಕು. ಪಕ್ಕದ ಕುರ್ಚಿಯಲ್ಲಿ ಕೂರಬೇಡ. ಅವನ ಸುದ್ದಿ ಎತ್ತಬೇಡ. ಅಳು ಬಂದರೆ ಮೆಟ್ಟಿಲಿಳಿದು ಹೋಗಿ ಅಳು. ನಿನ್ನ ಪಾಲಿನ ಅರ್ಧ ದುಡ್ಡು ಮರೆಯದೆ ತಾ. ಗಂಡನನ್ನು ಬಿಟ್ಟಿಯಾಗಿ ಹಂಚಿಕೊಂಡೆ, ಇದು ಬಿಟ್ಟಿಯಲ್ಲ.

ಕನಿಕರದಿಂದ ಕರೆಯುತ್ತಿದ್ದಾಳೆ ಎಂದು ತಿಳಿಯಬೇಡ. ನಿನ್ನನ್ನು ನೆನೆದರೆ ಮೈಯೆಲ್ಲ ಉರಿಯುತ್ತದೆ. ನನ್ನ ದುಡ್ಡು ಉಳಿಯಲಿ ಎಂದು, ಅಷ್ಟೆ.

ಗುರುವಾರ ಮಾತ್ರ ನಿನ್ನ ಅಕ್ಕ,
ಲಾಂಡ್ರಿಯವಳು

ಬರೆಯಬಾರದು ಎಂದುಕೊಂಡದ್ದು: ನಿನ್ನೆ ಬೇಕರಿಯ ಎದುರು ನಿಂತು ನಿನ್ನನ್ನು ನೋಡಿದೆ. ಏಪ್ರನ್ ಎಷ್ಟು ಸಡಿಲ ಕಟ್ಟಿದರೂ ಹೊಟ್ಟೆ ಕಾಣುತ್ತದೆ. ಹೋದ ವರ್ಷ ನನ್ನದೂ ಹಾಗೇ ಕಾಣುತ್ತಿತ್ತು. ಆಗಲೂ ಇದೇ ಪರೀಕ್ಷೆ ಬರೆದುಕೊಟ್ಟಿದ್ದರು. ನಮ್ಮಂಥ ಮರ್ಯಾದಸ್ಥರಿಗೆ ಇದೆಲ್ಲ ಯಾಕೆ, ದುಡ್ಡು ದಂಡ ಅಂದ ಅವನು. ದರ ನೋಡಿ ನಾನೂ ಹೂಂ ಅಂದೆ. ಏಳನೇ ತಿಂಗಳಲ್ಲಿ ಮಗು ಉಸಿರಿಲ್ಲದೆ ಹುಟ್ಟಿತು. ಹೆಣ್ಣು. ಬೇಗ ಗೊತ್ತಾದರೆ ತಾಯಿಗೆ ಇಂಜೆಕ್ಷನ್ ಕೊಟ್ಟು ಮಗುವನ್ನು ಉಳಿಸಬಹುದಂತೆ, ಆಸ್ಪತ್ರೆಯ ನರ್ಸು ಈಗ ಹೇಳುತ್ತಾಳೆ. ಅರ್ಧ ದುಡ್ಡು ತರಬೇಡ, ಲ್ಯಾಬಿಗೆ ಪೂರ್ತಿ ನಾನೇ ಕಟ್ಟಿ ಬಂದಿದ್ದೇನೆ. ನೀನು ಬರದಿದ್ದರೆ ಬೇಕರಿಗೇ ಬಂದು, ಗಿರಾಕಿಗಳ ಮುಂದೆಯೇ ಜುಟ್ಟು ಹಿಡಿದು ಎಳೆದುಕೊಂಡು ಹೋಗುತ್ತೇನೆ.