ಶಟರ್ ಎಳೆದರೂ ತಪ್ಪು, ಎಳೆಯದಿದ್ದರೂ ತಪ್ಪು

ಇಂಡೋನೇಷ್ಯಾದ ಅಚೆ ಪ್ರಾಂತ್ಯದ ನಮ್ಮ ಪಟ್ಟಣದ ಷರಿಯತ್ ಕಚೇರಿ ಮುಖ್ಯಸ್ಥರಿಗೆ,

ಮಾನ್ಯರೇ,

ಕಳೆದ ಶುಕ್ರವಾರದ ಖರ್ಚು ಹೀಗಿದೆ: ಮಸೀದಿಯಂಗಳದಲ್ಲಿ ವೇದಿಕೆ, ಶಾಮಿಯಾನ, ಮೈಕು, ಅಧಿಕಾರಿಗಳಿಗೆ ತಿಂಡಿ ಪೊಟ್ಟಣ, ಒಂದು ಬೆತ್ತ, ಹೊಡೆಯುವವನ ಮುಖ ಮುಚ್ಚಲು ಒಂದು ಮುಸುಕು. ಏಟು ತಿನ್ನುವವಳ ಮುಖ ಮುಚ್ಚಲು ಏನೂ ಇರಲಿಲ್ಲ. ಅದನ್ನು ಉಳಿತಾಯವೆಂದು ಬರೆದುಕೊಂಡಿರಬೇಕು.

ಆಕೆ ನನ್ನ ತಂಗಿಯ ಮಗಳು ರೌಜಾ. ನನ್ನ ಕಾಫಿ ಅಂಗಡಿಯ ಪಕ್ಕದಲ್ಲೇ ಮದುವೆ ಬಟ್ಟೆ ಹೊಲಿಯುತ್ತಾಳೆ. ಮುಸ್ಸಂಜೆಯ ಮಗ್ರಿಬ್ ಬಾಂಗ್ ಆದೊಡನೆ ಅಂಗಡಿಗಳು ಶಟರ್ ಎಳೆಯಬೇಕೆಂಬುದು ನಿಮ್ಮದೇ ಸುತ್ತೋಲೆ. ನಿಮ್ಮವರು ಅವಳನ್ನು ಹಿಡಿದ ಸಂಜೆ ಹೊಲಿಗೆ ಯಂತ್ರದ ರಿಪೇರಿಗೆ ಬಂದ ಹಸ್ಬಿ ಒಳಗಿದ್ದ. ಬಾಂಗ್ ಕೇಳಿತು, ಅವಳು ಶಟರ್ ಎಳೆದಳು. ಎಳೆದದ್ದು ಒಂದು ನಿಯಮದ ಪಾಲನೆ. ಎಳೆದ ಶಟರಿನೊಳಗೆ ಪರಪುರುಷನೊಂದಿಗೆ ಇದ್ದದ್ದು ಇನ್ನೊಂದರ ಉಲ್ಲಂಘನೆ. ಅದೇ ಹೊತ್ತಿಗೆ ನನ್ನ ಅಂಗಡಿಯ ಅರ್ಧ ಶಟರಿನ ಹಿಂದೆ ಗಿರಾಕಿಗಳು ಕಾಫಿ ಹೀರುತ್ತಿದ್ದರು. ಎಲ್ಲರೂ ಗಂಡಸರಾದ್ದರಿಂದ ಅದು ಭಕ್ತಿ ಎನಿಸಿಕೊಂಡಿತು.

ವಿಚಾರಣೆಯಲ್ಲಿ ನಿಮ್ಮವರು ಕೇಳಿದರು, "ಅವನನ್ನ ಹೊರಗೆ ಕಳಿಸೋಕೆ ಏನಾಗಿತ್ತಮ್ಮ?"

"ಮಿಷನ್ ಬಿಚ್ಚಿ ಹರಡಿದ್ರು ಸಾರ್. ಅದನ್ನೆಲ್ಲ ಕಟ್ಟಿಸಿ ಕಳಿಸೋ ಅಷ್ಟರಲ್ಲಿ ಶಟರ್ ಎಳೆದಿಲ್ಲ ಅಂತ ನೀವೇ ದಂಡ ಹಾಕ್ತಿದ್ರಿ."

ಉತ್ತರ ಸರಿಯಿತ್ತು. ಅದಕ್ಕೆ ಉದ್ಧಟತನವೆಂದು ಹೆಸರಿಟ್ಟಿರಿ.

ಬೆತ್ತ ನೋಯಿಸಲು ಅಲ್ಲ, ನಾಚಿಸಲು. ಹೊಡೆಯುವವನು ತೋಳು ಎತ್ತುವುದಕ್ಕೂ ಮಿತಿಯಿದೆ ಎನ್ನುತ್ತೀರಿ. ನಾಚಿಕೆಗೆ ಮಿತಿ ಎಲ್ಲಿದೆ? ಏಟು ಮುಗಿದ ಮೇಲೆ ಮೈಕಿನಲ್ಲಿ ನೀವೇ ಹೇಳಿದಿರಿ: "ಇಲ್ಲಿಗೆ ಮುಗೀತು. ಇನ್ನು ಯಾರೂ ಈ ಹುಡುಗೀನ ಹಂಗಿಸಬಾರದು." ಆ ಮಾತು ಜನ ಮೊಬೈಲಿನಲ್ಲಿ ತೆಗೆದ ವಿಡಿಯೋದ ಕೊನೆಯಲ್ಲಿದೆ, ಅಲ್ಲಿಯವರೆಗೆ ಯಾರೂ ನೋಡುವುದಿಲ್ಲ. ಮರುದಿನವೇ ಗಿರಾಕಿಯೊಬ್ಬ ಮೊಬೈಲ್ ಚಾಚಿದ: "ಅಣ್ಣಾ, ಇದು ನಿಮ್ಮ ಪಕ್ಕದಂಗಡಿಯವಳಲ್ವಾ? ಹಾಂ, ಸ್ವಲ್ಪ ಸಕ್ಕರೆ ಹಾಕಿ." ಹಿಂದೆ ಊರಿಗೆ ಮರೆವು ಎಂಬುದೊಂದಿತ್ತು, ಅದನ್ನು ನಂಬಿ ಶಿಕ್ಷೆ ಅಳೆಯುತ್ತಿದ್ದರು. ಮೊಬೈಲಿಗೆ ಅದಿಲ್ಲ. ಮದುವೆ ಮನೆಯವರು ಅರ್ಧ ಹೊಲಿದ ಬಟ್ಟೆಗಳನ್ನು ವಾಪಸು ಒಯ್ದರು. ರೌಜಾ ಇನ್ನೂ ಶಟರ್ ಎತ್ತಿಲ್ಲ.

ಮಸೀದಿ ಬಾಗಿಲಲ್ಲಿ ಚಪ್ಪಲಿ ಬಿಡಿಸುವವರಿಗೆ ವೇದಿಕೆಯ ಮುಂದೆ ಮೊಬೈಲ್ ಬಿಡಿಸಲು ಬಾರದೇ? ಮುಂದಿನ ಶುಕ್ರವಾರ ಮತ್ತೆ ವೇದಿಕೆಯಂತೆ. ಅದಕ್ಕೆ ಮೊದಲು, ಬಾಂಗಿನ ಹೊತ್ತಿಗೆ ಅಂಗಡಿಯೊಳಗೆ ಗಂಡಸಿದ್ದರೆ ಹೆಂಗಸು ಶಟರ್ ಎಳೆಯಬೇಕೋ ಎತ್ತಬೇಕೋ, ಸಹಿ ಹಾಕಿ ತಿಳಿಸಿ. ಆಮೇಲೆ ರೌಜಾಳ ಅಂಗಡಿಗೆ ಬಂದು ನಿಮ್ಮ ಮಗಳ ಮದುವೆ ಬಟ್ಟೆ ಹೊಲಿಯಲು ಕೊಡಿ. ಮೈಕಿನಲ್ಲಿ ಹೇಳಿದ್ದನ್ನು ನೀವಾದರೂ ನಂಬುತ್ತೀರೆಂದು ಊರಿಗೆ ಗೊತ್ತಾಗಲಿ.

ಸದ್ಯದ ಲೆಕ್ಕ: ಮೈಕಿನವನಿಗೆ ಬಾಡಿಗೆ. ನಿಮಗೆ ಪತ್ರಿಕೆಯಲ್ಲಿ ಫೋಟೋ. ಜನ ಸೇರಿದ್ದರಿಂದ ನನಗೆ ಒಳ್ಳೆಯ ವ್ಯಾಪಾರ. ಹಸ್ಬಿಗೂ ಅಷ್ಟೇ ಏಟು, ಕೆಲಸ ಮಾತ್ರ ಹೋಗಿಲ್ಲ. ರೌಜಾಳಿಗೆ, ಬಿಚ್ಚಿದ ಹಾಗೇ ಬಿದ್ದಿರುವ ಹೊಲಿಗೆ ಯಂತ್ರ.

ಇಂತಿ,
ಒಳಗೆ ಯಾರಿದ್ದಾರೆಂದು ನೋಡಿಕೊಂಡೇ ಶಟರ್ ಎಳೆಯುವ
ಶಮೌನ್, ಕಾಫಿ ಅಂಗಡಿ